ಅಜ್ಜನ ಕುರ್ಚಿಗೆ ಮೇಣದ ಉಪಚಾರ

ಪುಣೆಯ ಖರಾಡಿಯಲ್ಲಿ ಹತ್ತು ವರ್ಷದ ಕಟ್ಟಡಕ್ಕೆ ‘ಹಳೇ ಸೊಸೈಟಿ’ ಎಂದು ಹೆಸರು. ಗಾವಠಾಣದ ದೇವರು, ಮುಳಾ-ಮುಠಾ ನದಿ ಇಷ್ಟನ್ನು ಬಿಟ್ಟರೆ ನಮ್ಮಜ್ಜನ ಆರಾಮ ಕುರ್ಚಿಗಿಂತ ಹಿರಿಯರು ಈ ಕಡೆ ಕಡಿಮೆಯೇ ಇದ್ದಾರು. ಧಾರವಾಡದ ಪಡಸಾಲೆಯಿಂದ ಹನ್ನೊಂದನೆಯ ಮಹಡಿಗೆ ಬಂದ ಸಾಗವಾನಿ ಕುರ್ಚಿ ಅದು. ಅದರ ಎಡಗೈ ಇನ್ನೂ ಮಿರುಗುತ್ತದೆ. ಬಲಗೈಯ ಪಾಲಿಶ್ ಸವೆದು ಕಟ್ಟಿಗೆ ಬಯಲಾಗಿದೆ. ಅಜ್ಜ ‘ಸಂಯುಕ್ತ ಕರ್ನಾಟಕ’ ಓದುತ್ತ, ಸರ್ಕಾರವನ್ನು ಬೈಯುತ್ತ ಗುದ್ದುತ್ತಿದ್ದುದು ಬಲಗೈ ಮೇಲೆ. ಎಷ್ಟು ಮುಖ್ಯಮಂತ್ರಿಗಳು ಬದಲಾದರೋ ಅಷ್ಟು ಪಾಲಿಶ್ ಹೋಗಿದೆ.

ಬಡಗಿ ಬಂದವನೇ ಮರುಗಿದ. “ಸಾಹೇಬ, ಘಾಸೂನ್ ಪಿಯು ಮಾರತೋ. ಏಕದಮ್ ನವೀ ದಿಸೇಲ್!” ಉಜ್ಜಿ ಉಜ್ಜಿ ಅಜ್ಜನ ಸಿಟ್ಟನ್ನೆಲ್ಲ ಪುಡಿ ಮಾಡಿ, ಮೇಲೆ ಪಿಯು, ಅಂದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನಂಥ ಪೊರೆ ಬಳಿಯುವ ಯೋಜನೆ ಅದು. ಅದೇ ವಾರ ಪಕ್ಕದ ಫ್ಲ್ಯಾಟಿಗೆ ಹೊಚ್ಚ ಹೊಸ ಊಟದ ಮೇಜು ಬಂತು. ಕಾರ್ಖಾನೆಯಲ್ಲೇ ಗೀರಿ, ಮೂಲೆ ಸವೆಸಿ, ‘ಆಂಟಿಕ್ ಫಿನಿಶ್’ ಎಂದು ಹೆಚ್ಚಿಗೆ ದುಡ್ಡು ಹಿಡಿದದ್ದು. ಹಳೆಯದನ್ನು ಹೊಸದು ಮಾಡಲೂ ರೊಕ್ಕ, ಹೊಸದನ್ನು ಹಳೆಯದು ಮಾಡಲೂ ರೊಕ್ಕ. ಹಳೆಯದನ್ನು ಹಳೆಯದಾಗಿಯೇ ಇಡುವ ಅಗ್ಗದ ದಾರಿ ಒಂದೇ: ಮೇಣ.

ಮೇಣ ಹಚ್ಚುವ ಮೊದಲು ಹಳೆಯ ಪಾಲಿಶ್ಶಿನ ಕುಲಗೋತ್ರ ವಿಚಾರಿಸಬೇಕು. ಕಾಣದ ಮೂಲೆಗೆ ಹತ್ತಿಯಿಂದ ಸ್ಪಿರಿಟ್ ಮುಟ್ಟಿಸಿದರೆ ಹಳೆಯ ಪಾಲಿಶ್ ಅಂಟಂಟಾಯಿತು. ಅಂದರೆ ಅರಗು. ಮುತ್ತುಗ, ಬೋರೆಯಂಥ ಮರಗಳ ಟೊಂಗೆಗಳಲ್ಲಿ ಪುಟ್ಟ ಹುಳುಗಳು ಸ್ರವಿಸುವ ಅರಗು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಅದೇ. ಅದಕ್ಕೆ ಬಿಸಿ ಚಹಾದ ಕಪ್ಪು ಆಗಿಬರುವುದಿಲ್ಲ, ಬಿಳಿಯ ಉಂಗುರ ಮೂಡುತ್ತದೆ. ಮದ್ಯ ಚೆಲ್ಲಿದರೆ ಪಾಲಿಶ್ಶೇ ಕರಗುತ್ತದೆ. ಅಜ್ಜನ ಕುರ್ಚಿ ಅಜ್ಜನಷ್ಟೇ ಮಡಿವಂತ.

ಫೋನಿನಲ್ಲಿ ಅವ್ವನದು ಬೇರೆಯೇ ವೈದ್ಯ. “ಮೇಣಾ ಗೀಣಾ ಯಾಕೋ? ಕೊಬ್ಬರಿ ಎಣ್ಣಿ ತಿಕ್ಕು. ನಿಮ್ಮಜ್ಜ ತಲಿಗೂ ಅದನ್ನ, ಕುರ್ಚಿಗೂ ಅದನ್ನ ತಿಕ್ಕತಿದ್ರು.” ಕೊಬ್ಬರಿ ಎಣ್ಣೆ ಒಣಗುವ ಜಾತಿಯದಲ್ಲ, ಖರಾಡಿಯಲ್ಲಿ ಕಟ್ಟುತ್ತಿರುವ ಅಷ್ಟೂ ಟವರುಗಳ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಅಗಸಿ ಎಣ್ಣೆ ಒಣಗುತ್ತದೆ ನಿಜ, ಆದರೆ ಅದರಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತನ್ನಷ್ಟಕ್ಕೇ ಕಾದು ಹೊತ್ತಿಕೊಳ್ಳಬಹುದು. ಅಗಸಿ ನಮಗೆ ಚಟ್ನಿಪುಡಿಯಾಗಿದ್ದರೇ ಕ್ಷೇಮ.

ಹಾಗಾಗಿ ಮೇಣವೇ ಗಟ್ಟಿ: ಜೇನುಮೇಣ ಒಂದು ಪಾಲು, ಟರ್ಪೆಂಟೈನ್ ಎರಡು-ಮೂರು ಪಾಲು. ಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟರೆ ಸಾಕು. ಒಲೆ ಆರಿಸಿ, ಡಬ್ಬಿಯನ್ನು ಬಾಲ್ಕನಿಗೆ ಒಯ್ದ ಮೇಲೇ ಟರ್ಪೆಂಟೈನ್ ಬೆರೆಸಬೇಕು, ಇಲ್ಲದಿದ್ದರೆ ಬೆಂಕಿಯ ಭಯ. “ಆ ಪಾತ್ರೆ ಇನ್ನ ಒಳಗ ತರಬ್ಯಾಡ್ರಿ” ಎಂಬ ಹೆಂಡತಿಯ ಭಯ ಬೇರೆ. ಇನ್ನೂ ಗಟ್ಟಿ ಹೊಳಪು ಬೇಕೆಂದರೆ ಬ್ರೆಜಿಲ್ಲಿನ ತಾಳೆ ಜಾತಿಯ ಮರದೆಲೆಯ ಕಾರ್ನೌಬಾ ಮೇಣವಿದೆ. ಅದನ್ನು ಇಲ್ಲಿ ಜನ ಕಾರಿಗೆ ಹಚ್ಚುತ್ತಾರೆ, ಅಜ್ಜಂದಿರಿಗಲ್ಲ.

ಹಚ್ಚುವಾಗ ಜಿಪುಣತನವೇ ವಿದ್ಯೆ. ಅರಿವೆಗೆ ಚೂರೇ ಚೂರು ಮೇಣ, ಕಟ್ಟಿಗೆಯ ಎಳೆಗುಂಟ ತೆಳ್ಳಗೆ ಸವರುವುದು, ಒಣಗಲು ಬಿಡುವುದು, ಆಮೇಲೆ ರಟ್ಟೆ ಸೋಲುವ ತನಕ ಉಜ್ಜುವುದು. ಇಷ್ಟಾದರೂ ಮೇಣ ಕವಚವಲ್ಲ. ನಿಂತ ನೀರನ್ನು ಬಹಳ ಹೊತ್ತು ತಡೆಯದು, ವರ್ಷಕ್ಕೊಮ್ಮೆಯಾದರೂ ಮತ್ತೆ ಹಚ್ಚಬೇಕು. ಅದರ ದೊಡ್ಡ ಗುಣ, ಬೇಡವೆಂದಾಗ ಟರ್ಪೆಂಟೈನ್ ಅರಿವೆಗೆ ಎದ್ದು ಹೋಗುವುದು. ಪಿಯು ಹಾಗಲ್ಲ, ಉಜ್ಜಿ ಕೆರೆಯದೆ ಜಾಗ ಬಿಡದ ಬಾಡಿಗೆದಾರ. ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ಜನ ಬಳಸಿದ ಅಡಕತ್ತರಿ, ದೀಪಗಳನ್ನು ಗಾಜಿನೊಳಗಿಟ್ಟು ಕಾಯುತ್ತಾರೆ. ನಮ್ಮ ಮನೆಯಲ್ಲಿ ಆ ಅನುಕೂಲವಿಲ್ಲ, ಕುರ್ಚಿಯ ಮೇಲೆ ಕೂಡಲೇಬೇಕು.

ಮೊನ್ನೆ ಪಕ್ಕದ ಮನೆಯವರು ಬಂದು ಬಲಗೈಯನ್ನು ಸವರಿ ಬೆರಗಾದರು. ತಮ್ಮ ಮೇಜಿನ ಸವಕಲು ಇಷ್ಟು ಸಹಜವಾಗಿಲ್ಲವಂತೆ. “ಇದನ್ನ ಯಾರು ಮಾಡಿಕೊಡ್ತಾರೆ? ರೇಟೆಷ್ಟು?”

“ಮಟೀರಿಯಲ್ ಏನೂ ಬೇಡ ಸರ್, ಪೂರ್ತಿ ಲೇಬರ್,” ಎಂದೆ. “ಒಬ್ಬ ರಿಟೈರ್ಡ್ ಅಜ್ಜ, ದಿನಾ ಒಂದು ಪೇಪರ್ರು, ಮೂವತ್ತು ವರ್ಷದ ಪೆನ್ಶನ್. ಸರ್ಕಾರಗಳ ಸಪ್ಲೈ ಬಗ್ಗೆ ಚಿಂತೆ ಬೇಡ.”