ಕಿಟಕಿಯಲ್ಲಿ ಕಾಣುವ ವಿಶ್ವವಿದ್ಯಾಲಯ

ಟಿಕೋಟಾದ ಹುಡುಗಿಗೆ ಅಭಿನಂದನೆ. ವಿಜಯಪುರದ ಮಹಿಳಾ ಕಾಲೇಜಿಗೆ ಬಿ.ಎ. ಸೇರಿದ್ದಾಳೆ. ಅಂದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಆ ವಿಶ್ವವಿದ್ಯಾಲಯವನ್ನು ದಿನಕ್ಕೆರಡು ಸಲ ನೋಡುತ್ತಾಳೆ. ಹೋಗುವಾಗ ಬಸ್ಸಿನ ಕಿಟಕಿಯಿಂದ. ಬರುವಾಗ ಬಸ್ಸಿನ ಕಿಟಕಿಯಿಂದ.

ಅಥಣಿ ರಸ್ತೆಯಲ್ಲಿ ವಿಜಯಪುರಕ್ಕಿಂತ ಮೊದಲು ತೊರವಿ ಬರುತ್ತದೆ. ಅಲ್ಲಿದೆ ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ. 2003ರಲ್ಲಿ ಹುಟ್ಟಿತು, 2017ರಲ್ಲಿ ಅಕ್ಕಮಹಾದೇವಿಯ ಹೆಸರು ಇಟ್ಟುಕೊಂಡಿತು. "ತೊರವಿ ಇಳಿಯೋರು ಬರ್ರಿ ಲಗೂನ" ಎಂದು ಕಂಡಕ್ಟರ್ ಕೂಗುತ್ತಾನೆ. ಇವಳು ಇಳಿಯುವಂತಿಲ್ಲ. ಆ ಕ್ಯಾಂಪಸ್ಸು ಮುಖ್ಯವಾಗಿ ಎಂ.ಎ.ಯವರದು, ಪಿಎಚ್.ಡಿ.ಯವರದು. ಇವಳದು ಸಂಯೋಜಿತ ಕಾಲೇಜು. "ತಂಗಿ, ಬಾಗಲದಾಗ ನಿಂದರಬ್ಯಾಡ, ಒಳಗ ಸರಿ" ಎನ್ನುತ್ತಾನೆ ಅದೇ ಕಂಡಕ್ಟರ್. ಒಳಗೆ ಸರಿಯಲು ಜಾಗವೆಲ್ಲಿದೆ? ಟಿಕೆಟ್ಟು ಪುಕ್ಕಟೆ. ಸೀಟಿನ ಬಗ್ಗೆ ಯಾರೂ ಗ್ಯಾರಂಟಿ ಕೊಟ್ಟಿಲ್ಲ.

ಅದೇ ಜಿಲ್ಲೆಯ ಬಬಲೇಶ್ವರದಲ್ಲಿ ಡಿಗ್ರಿ ಓದುವ ಹುಡುಗನಿಗೆ ಈ ಭಾಗ್ಯವೂ ಇಲ್ಲ. ಅವನ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿದೆ. ಇನ್ನೂರು ಕಿಲೋಮೀಟರ್ ಆಸುಪಾಸು. ಅಪ್ಪನ ಕಾಲಕ್ಕೆ ಧಾರವಾಡವಿತ್ತು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ದೂರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಬದಲಾದದ್ದು ಅಂಕಪಟ್ಟಿಯ ತಲೆಬರಹ.

ಅಮೆರಿಕದ ಬಾಸ್ಟನ್ನಿನಲ್ಲಿ ನಾರ್ತ್‌ಈಸ್ಟರ್ನ್ ಎಂಬ ವಿಶ್ವವಿದ್ಯಾಲಯವಿದೆ. ಹೊಸಬರಲ್ಲಿ ಕೆಲವರನ್ನು ಮೊದಲ ಸೆಮಿಸ್ಟರಿಗೆ ಲಂಡನ್ನಿನಂಥ ಊರಿಗೆ ಕಳಿಸುತ್ತದೆ. ಆಮೇಲೆ ಮುಖ್ಯ ಕ್ಯಾಂಪಸ್ಸಿಗೆ ಕರೆಸಿಕೊಳ್ಳುತ್ತದೆ. ಅದಕ್ಕೊಂದು ಚಂದದ ಹೆಸರು, ಚಂದದ ಫೀಸು. ನಮ್ಮವರು ಅದಕ್ಕಿಂತ ಮುಂದೆ ಹೋಗಿದ್ದಾರೆ. ಇಲ್ಲಿ ಆರಕ್ಕೆ ಆರೂ ಸೆಮಿಸ್ಟರ್ ಹೊರಗೇ. ಕರೆಸಿಕೊಳ್ಳುವ ತಾಪತ್ರಯವೇ ಇಲ್ಲ.

ವಿಜಯಪುರ ಜಿಲ್ಲೆ ಯಾರಿಗೆ ಸೇರಿದ್ದು ಎಂಬುದನ್ನೇ ಇನ್ನೂ ತೀರ್ಮಾನಿಸಿದಂತಿಲ್ಲ. ಕಂದಾಯಕ್ಕೆ ಬೆಳಗಾವಿ ವಿಭಾಗ. ಹುಡುಗನ ಡಿಗ್ರಿಗೂ ಬೆಳಗಾವಿ. ಹೈಕೋರ್ಟಿಗೆ ಕಲಬುರಗಿ ಪೀಠ. ಬಸ್ಸಿನ ಮೈಮೇಲೆ ದೊಡ್ಡದಾಗಿ ಕಲ್ಯಾಣ ಕರ್ನಾಟಕ ಎಂದು ಬರೆದಿದೆ. ಆದರೆ ಕಲ್ಯಾಣದವರಿಗೆಂದೇ ಇರುವ 371(ಜೆ) ಮೀಸಲಾತಿ ಕೇಳಿ ನೋಡಿ. ನೀವು ಕಲ್ಯಾಣದವರಲ್ಲ ಎನ್ನುತ್ತಾರೆ. ಬಸ್ಸು ಹತ್ತುವವರೆಗೆ ಕಲ್ಯಾಣ, ಕೆಲಸಕ್ಕೆ ಅರ್ಜಿ ಹಾಕುವಾಗ ಕಿತ್ತೂರು.

ತೊರವಿಯ ಹಣೆಬರಹವೂ ಹಳೆಯದೇ. ಎರಡನೇ ಇಬ್ರಾಹಿಂ ಆದಿಲ್‌ಶಾ 1599ರಲ್ಲಿ ಇಲ್ಲೇ ಪಕ್ಕದಲ್ಲಿ ನವರಸಪುರ ಕಟ್ಟಿಸಲು ಹೊರಟ. ಸಂಗೀತಪ್ರೇಮಿಯ ಕನಸಿನ ನಗರ. ಪೂರ್ತಿಯಾಗಲಿಲ್ಲ. 1624ರಲ್ಲಿ ಮಲಿಕ್ ಅಂಬರ್ ಬಂದು ಹಾಳುಗೆಡವಿದ. ಈಗ ವಿಶ್ವವಿದ್ಯಾಲಯ ಹಾಳುಗೆಡವಲು ದಂಡೆತ್ತಿ ಬರಬೇಕಿಲ್ಲ. ಹಣಕಾಸು ಇಲಾಖೆ ಸುಮ್ಮನೆ ಕೂತರೆ ಸಾಕು.

ಸುಳ್ಳೇ? ಕೃಷ್ಣೆ ದಾಟಿದರೆ ಜಮಖಂಡಿ. 2023ರಲ್ಲಿ ಅಲ್ಲಿಗೆ ಬಾಗಲಕೋಟೆ ವಿಶ್ವವಿದ್ಯಾಲಯ ಬಂತು. ಒಟ್ಟು ಏಳು ಹೊಸವು, ತಲಾ 2 ಕೋಟಿ. ನಮ್ಮ ಕಡೆ ಶಾಸಕರ ಮಗನ ಮದುವೆ ಪೆಂಡಾಲಿಗೂ ಸಾಲದ ದುಡ್ಡಿನಲ್ಲಿ ವಿಶ್ವವಿದ್ಯಾಲಯ. ಎರಡು ವರ್ಷ ತುಂಬುವಷ್ಟರಲ್ಲಿ ಸರ್ಕಾರ ಬದಲಾಗಿತ್ತು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯ ಮುಚ್ಚಬಹುದು ಎಂದಿತು. ಬಾಗಲಕೋಟೆಯದೂ ಆ ಪಟ್ಟಿಯಲ್ಲಿತ್ತು. ತೆರೆದವರೂ ಶಿಕ್ಷಣಪ್ರೇಮಿಗಳು, ಮುಚ್ಚುವವರೂ ಶಿಕ್ಷಣಪ್ರೇಮಿಗಳು. ಹುಡುಗರು ಮಾತ್ರ ಯಾವ ಲೆಕ್ಕಕ್ಕೂ ಇಲ್ಲ.

ಹೋಗಲಿ, ಕಾಲೇಜಿನಲ್ಲಾದರೂ ಪಾಠ ನಡೆಯುತ್ತದೆಯೇ? ಸರ್ಕಾರಿ ಕಾಲೇಜುಗಳ ಪಾಠದ ಭಾರ ಹೊತ್ತವರು ಅತಿಥಿ ಉಪನ್ಯಾಸಕರು. ಕಾಯಂ ಮಾಡಿ ಎಂದು ಅವರು 2023ರ ನವೆಂಬರಿನಲ್ಲಿ ತರಗತಿ ಬಿಟ್ಟು ಧರಣಿ ಕೂತರು. ಅವರದೇನು ತಪ್ಪು? ಹತ್ತು ಹದಿನೈದು ವರ್ಷ ಪಾಠ ಮಾಡಿದವನಿಗೂ ಮುಂದಿನ ವರ್ಷದ ಖಾತ್ರಿಯಿಲ್ಲ. ಡಿಗ್ರಿಯ ಕಥೆಯೂ ಅಷ್ಟೇ. 2021ರಲ್ಲಿ ನಾಲ್ಕು ವರ್ಷದ ವ್ಯವಸ್ಥೆ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು.

ಟಿಕೋಟಾ, ಬಬಲೇಶ್ವರಕ್ಕೆ ತಾಲ್ಲೂಕು ಪಟ್ಟ ಕಟ್ಟಿದ್ದಾರಲ್ಲ, ಇನ್ನೇನು ಬೇಕು ಎನ್ನುವವರೂ ಇದ್ದಾರೆ. ಹೌದು, ತಹಶೀಲ್ದಾರರ ಜೀಪು ಬಂದಿದೆ.

ಘಟಿಕೋತ್ಸವದ ದಿನವಾದರೂ ಮುಖ್ಯ ಕ್ಯಾಂಪಸ್ ನೋಡಬಹುದಲ್ಲ ಎನ್ನಬೇಡಿ. ವೇದಿಕೆ ಇರುವುದು ಚಿನ್ನದ ಪದಕದವರಿಗೆ, ಪಿಎಚ್.ಡಿ.ಯವರಿಗೆ, ಗೌರವ ಡಾಕ್ಟರೇಟಿನವರಿಗೆ. ಈ ಕೊನೆಯವರದೇ ಪುಣ್ಯ. ಪ್ರವೇಶದ ಅರ್ಜಿಯಿಲ್ಲ, ಸೆಮಿಸ್ಟರಿಲ್ಲ, ಬಸ್ಸಿಲ್ಲ. ಮೊದಲ ದಿನವೇ ಮುಖ್ಯ ಕ್ಯಾಂಪಸ್ಸು, ಕಾರಿನಲ್ಲಿ, ಸೀದಾ ವೇದಿಕೆಯವರೆಗೆ.