ಹಿರಿಯರಿಗೊಂದು ನೋಟಿಸ್

ಹೊಸನಗರ ಕಡೆಯ ಒಂದು ಪಂಚಾಯಿತಿ ಕಚೇರಿ. ಕಚೇರಿ ಕಾಲ್ಪನಿಕ, ಕಾನೂನು ಮಾತ್ರ ಅಸಲಿ. ಅರ್ಜಿ ಹಿಡಿದು ನಿಂತವರು ಶರಾವತಿ ಸಂತ್ರಸ್ತ ಅಜ್ಜ.

“ಆವಾಸ್ ಯೋಜನೇಲಿ ಮನೆಗೆ 1.20 ಲಕ್ಷ ಬರ್ತದಂತಲ್ಲ ಮಾರಾಯ್ರೆ?”

“ಬರ್ತದೆ ಅಜ್ಜ. ಜಾಗದ ಖಾತೆ ಕಾಗದ ಕೊಡಿ.”

“ಅದಕ್ಕೆ?”

“ಹಕ್ಕುಪತ್ರ.”

“ಅದಕ್ಕೆ?”

“ಜಾಗ ಅರಣ್ಯದ್ದು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ನೀವು ಪರಿಶಿಷ್ಟ ಪಂಗಡದವರಲ್ಲ. ಹಾಗಾಗಿ ನಿಮ್ಮ ಮನೆತನ 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷ ಕಾಡಲ್ಲೇ ಇದ್ದಿರಬೇಕು.”

ಅಜ್ಜ ಬೆರಳು ಮಡಚಿ 1930ಕ್ಕೆ ಹೋಗಿ ನಿಂತರು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆ ಕರೆಂಟು ಬೇಕೆಂದು ಸಾಗರ, ಹೊಸನಗರದ ಊರುಗಳು ಮುಳುಗಿದವು. ಎದ್ದವರಲ್ಲಿ ಹಲವರನ್ನು ತೀರ್ಥಹಳ್ಳಿಯೂ ಸೇರಿ ಅಕ್ಕಪಕ್ಕದ ತಾಲ್ಲೂಕುಗಳ ಕಾಡಿಗೆ ತಂದಿಳಿಸಿದ್ದೂ ಸರ್ಕಾರವೇ. ಜಾಗ ತೋರಿಸಿದವರಿಗೆ ಕಾಗದ ಮಾಡಿಕೊಡಲು ಪುರುಸೊತ್ತಾಗಲಿಲ್ಲ, ಪಾಪ.

“1930ರಲ್ಲಿ ನಮ್ಮಪ್ಪ ಇದ್ದ ಮನೆ ಹಿನ್ನೀರೊಳಗಿದೆ. ನಿಮ್ಮ ಸರ್ವೆಯವರಿಗೆ ಈಜು ಬರ್ತದಾ?”

“ಗ್ರಾಮಸಭೇಲಿ ಹಿರಿಯರ ಹೇಳಿಕೇನೂ ಸಾಕ್ಷಿ ಅಂತ ನಿಯಮ ಇದೆ ಅಜ್ಜ.”

“ಹಂಗಾದ್ರೆ ಬರ್ಕೊಳ್ಳಿ. ನಾನೇ ಹಿರಿಯ.”

“ಅರ್ಜಿದಾರರು ಆಗೋದಿಲ್ಲ. ಬೇರೆ ಹಿರಿಯರು ಬೇಕು, ಅದೂ ನಿಯಮ.”

“ನನಗಿಂತ ಹಿರಿಯರೆಲ್ಲ ಮೇಲೆ ಹೋಗಿಯಾಯ್ತು. ಮುಂದಿನ ಗ್ರಾಮಸಭೆಗೆ ಅಲ್ಲಿಗೂ ಒಂದು ನೋಟಿಸ್ ಕಳ್ಸಿ ಮಾರಾಯ್ರೆ.”