ಮೊದಲ ಆರಿಸೂದು ಕಲಿ

ನಮ್ಮ ಕಡೆಯ ಜಾತ್ರೆ ನಾಟಕದ ಕರಪತ್ರ ಓದುತ್ತ ಬಂದರೆ ಮೊದಲು ಸ್ವಾಮಿಗಳ ಆಶೀರ್ವಾದ, ಆಮೇಲೆ ಉದ್ಘಾಟಕರು, ಅತಿಥಿಗಳು, ಪಾತ್ರಧಾರಿಗಳು, ಹಾರ್ಮೋನಿಯಂ ಮಾಸ್ತರರು ಸಾಲಾಗಿ ಸಿಗುತ್ತಾರೆ. ಕಟ್ಟಕಡೆಗೆ, ಪ್ರೆಸ್ಸಿನ ವಿಳಾಸಕ್ಕೆ ಅಂಟಿಕೊಂಡು, ‘ಲೈಟ್ ಮತ್ತು ಮೈಕ್’ ಎಂದಿರುತ್ತದೆ. ಅಲ್ಲಿಯೂ ಮನುಷ್ಯನ ಹೆಸರಿರುವುದಿಲ್ಲ, ಅಂಗಡಿಯದಿರುತ್ತದೆ. ಆ ಕೊನೆಯ ಸಾಲಿನವರ ಹಿಂದೆ ವೈರಿನ ಸಿಂಬಿ ಹೊತ್ತು ತಿರುಗಿದವನು ನಾನು.

ಗುರುಗಳು ತಿಕೋಟಾದವರು, ಊರಿಗೆಲ್ಲ ಕಾಕಾ. ಹಗಲು ದ್ರಾಕ್ಷಿ ತೋಟದವರ ಪಂಪ್‌ಸೆಟ್ಟಿಗೆ ವೈಂಡಿಂಗ್, ರಾತ್ರಿ ನಾಟಕಕ್ಕೆ ಬೆಳಕು. ಬಣ್ಣಬಣ್ಣದ ಲೈಟು ಬಿಡುವ ಹುಮ್ಮಸ್ಸಿನಲ್ಲಿ ಹೋದವನ ಕೈಗೆ ಟೆಸ್ಟರ್ ಕೊಟ್ಟರು. “ಹಚ್ಚೂದು ಯಾರಿಗಿ ಬರೂದಿಲ್ಲೋ ತಮ್ಮಾ? ಮೊದಲ ಆರಿಸೂದು ಕಲಿ.” ಕಣ್ಣು ಮುಚ್ಚಿಕೊಂಡು ಹೋಗಿ ಮೇನ್ ಸ್ವಿಚ್ ಮುಟ್ಟಿ ಬರುವುದೇ ಪ್ರವೇಶ ಪರೀಕ್ಷೆ. ಶಕುನಿ ಮಾತು ಮರೆತರೆ ಪರದೆಯ ಹಿಂದಿನಿಂದ ಹೇಳಿಕೊಡಬಹುದು, ಅರ್ಥಿನ ಹಸಿರು ವೈರ್ ಮರೆತವನಿಗೆ ಹೇಳಿಕೊಡಲು ವೇಳೆಯೇ ಇರುವುದಿಲ್ಲ ಎಂಬುದು ಅವರ ವಾದ.

ಅವರ ಕಟ್ಟಳೆಗಳೆಲ್ಲ ಅಜ್ಜಿಯ ಮಡಿಯ ಹಾಗೆ. ಬೋರ್ಡಿನ ಮುಂದೆ ಒಂದು ಕೈ ಬೆನ್ನ ಹಿಂದಿರಬೇಕು. ಎರಡೂ ಕೈ ಹಚ್ಚಿದರೆ ಕರೆಂಟು ಎದೆ ಹಾಯ್ದು ಹೋಗುತ್ತದೆ. ಟೆಸ್ಟರ್ ಹಿಡಿದು ನೋಡಿದ ಮೇಲೂ ಲೈಟಿನ ತಗಡಿಗೆ ಅಂಗೈ ಹಚ್ಚಬಾರದು. ಶಾಕ್ ಹೊಡೆದರೆ ಬೆರಳು ಮಡಚಿ ಹಿಡಿದದ್ದನ್ನು ಬಿಡುವುದಿಲ್ಲ.

ಎಲ್ಲಕ್ಕಿಂತ ಮಜಾ ಎಂದರೆ ಅರ್ಥಿಂಗ್. ಬಬಲೇಶ್ವರದ ಕಡೆಯ ಎರಿ ಭೂಮಿ ಬ್ಯಾಸಿಗೆಯಲ್ಲಿ ಬಿರಿದು ಬಾಯಿ ಬಿಡುತ್ತದೆ. ಹೂತ ಸಲಾಕೆಯಿಂದ ಮಣ್ಣು ದೂರ ಸರಿಯುತ್ತದೆ. ಸೋರಿದ ಕರೆಂಟಿಗೆ ನೆಲಕ್ಕಿಳಿಯಲು ದಾರಿ ಸಿಗದೆ ಅದು ಲೈಟಿನ ತಗಡಿನಲ್ಲೇ ಕಾಯುತ್ತ ಕೂರುತ್ತದೆ. ಅದಕ್ಕೇ ನಾಂದಿಗೆ ಮೊದಲು ಕಾಕಾ ಇದ್ದಲು-ಉಪ್ಪು ತುಂಬಿದ ಕುಣಿಗೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ನೋಡಿದ ಹೆಣ್ಣುಮಗಳೊಬ್ಬಳು ಭೂಮಿಪೂಜೆಯೆಂದು ತಿಳಿದು ಕುಂಕುಮ, ಊದುಬತ್ತಿ ತಂದುಕೊಟ್ಟಳು. ಕಾಕಾ ಬೇಡವೆನ್ನಲಿಲ್ಲ. “ಕುಂಕುಮ ಹಚ್ಚಿದರ ಫ್ಯೂಜ್ ಏನ್ ಹೋಗೂದಿಲ್ಲ” ಎಂದು ಹಚ್ಚಿಯೇಬಿಟ್ಟರು.

ನಮ್ಮ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ವಿದ್ಯುತ್ ಸ್ಥಾವರವಿದೆ. ಕರೆಂಟಿಗೆ ಬರವಿಲ್ಲ, ಹೊರುವ ತಂತಿಗೆ ಬರ. ಸಾವಿರ ವ್ಯಾಟಿನ ಹ್ಯಾಲೊಜನ್ ಒಂದೇ ನಾಲ್ಕು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಅಂಥ ಆರನ್ನು ಸಾಲಿಮನಿಯ ಫ್ಯಾನಿನ ಪಾಯಿಂಟಿಗೆ ಸಿಕ್ಕಿಸಿ ಎನ್ನುವ ಪಂಚರಿಗೆ ಕಾಕಾ ಗುಣಾಕಾರ ಮಾಡಿ ತೋರಿಸುತ್ತಿದ್ದರು. ಪಂಚರು ಗುಣಾಕಾರಕ್ಕೆ ಬಗ್ಗುತ್ತಿರಲಿಲ್ಲ, ಸುಟ್ಟ ವೈರಿನ ವಾಸನೆಗೆ ಬಗ್ಗುತ್ತಿದ್ದರು.

ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರದಲ್ಲಿ ಸಿಕ್ಕ ಇನ್ನೊಬ್ಬ ಹಿರಿಯರು ಉಪ್ಪುನೀರಿನ ಡಿಮ್ಮರ್ ಕಂಡವರು. ಗಟಾರದ ಮಣ್ಣಿನ ಕೊಳವೆಯಲ್ಲಿ ಉಪ್ಪುನೀರು. ಅದರೊಳಗೆ ತಂತಿ ಕಟ್ಟಿದ ಲೋಹದ ಬಿಲ್ಲೆ ಇಳಿಬಿಟ್ಟಷ್ಟೂ ಬೆಳಕು ಏರುತ್ತದೆ, ಎತ್ತಿದಷ್ಟೂ ಇಳಿಯುತ್ತದೆ. ನಾಟಕ ಸಾಗಿದಂತೆ ನೀರು ಕುದಿಯತೊಡಗುತ್ತದೆ. 230 ವೋಲ್ಟಿನ ಆ ಕುದಿನೀರ ಪಕ್ಕದಲ್ಲೇ ಕೂತು ಬೆಳದಿಂಗಳು ಮಾಡಿದವರು, ಮಾಡಿಯೂ ಮುಪ್ಪು ಕಂಡವರು! ಅವರ ಮಾತನ್ನು ನಾನು ಎರಡು ಸಲ ಕೇಳಿಸಿಕೊಳ್ಳುತ್ತಿದ್ದೆ.

ರಂಗಮಂದಿರಕ್ಕೆ ಹೆಸರಾದ ಕಂದಗಲ್ಲರ ‘ರಕ್ತರಾತ್ರಿ’ ನಮ್ಮ ಹಳ್ಳಿಗಳಿಗೆ ಬಲು ಪ್ರೀತಿಯ ನಾಟಕ. ಹೆಸರಲ್ಲೇ ರಾತ್ರಿ ಇದೆ, ಕತ್ತಲು ಬೇಡವೇ? ಬೇಡ. ಕೈಯಿಂದ ರೊಕ್ಕ ಹಾಕಿ ಅಶ್ವತ್ಥಾಮನಾದವನ ತಾಯಿ ಮುಂದೆಯೇ ಕೂತಿರುತ್ತಾಳೆ. “ನನ್ನ ಮಗನ ಮಾರಿ ಕಾಣವಲ್ದು, ಪೂರಾ ಹಚ್ಚೋ!” ನಡುರಾತ್ರಿಯ ಕೊಲೆ ಮಟಮಟ ಮಧ್ಯಾಹ್ನ ನಡೆಯುತ್ತದೆ. ಇದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಬೆಳಕು ಬಂದದ್ದೇ ಮುಖ ಕಾಣಲಿಕ್ಕೆ.

ಒಮ್ಮೆ ಕಾಕಾಗೆ ರಂಗಬೆಳಕಿನ ವಿನ್ಯಾಸಕ ತಾಪಸ್ ಸೇನರ ಕತೆ ಹೇಳಿದೆ: 1959ರಲ್ಲಿ ಕೋಲ್ಕತ್ತದ ಮಿನರ್ವಾ ರಂಗಮಂದಿರದಲ್ಲಿ, ‘ಅಂಗಾರ್’ ನಾಟಕದ ಕಲ್ಲಿದ್ದಲ ಗಣಿಗೆ ನೀರು ನುಗ್ಗುವುದನ್ನು ಬೆಳಕಿನಲ್ಲೇ ತೋರಿಸಿದರಂತೆ. ಕಾಕಾ ಬೀಡಿ ಕೆಳಗಿಟ್ಟು ಕೇಳಿ, ಬಹಳ ಹೊತ್ತು ವಿಚಾರ ಮಾಡಿ, “ಅರ್ಥಿಂಗ್ ಎಲ್ಲಿ ಕೊಟ್ಟಿದ್ರಂತ?” ಎಂದರು.

ಈಗ ಎಲ್‌ಇಡಿ ಬಂದು ಲೋಡು ಇಳಿದಿದೆ. ವೋಲ್ಟು ಮಾತ್ರ ಅಷ್ಟೇ ಇದೆ. ಜಾತ್ರೆ ಕಮಿಟಿಯ ಹಿರಿಯರೇ, ಅತಿಥಿಗಳ ಶಾಲು ಒಂದಿಷ್ಟು ಕಡಿಮೆ ಮಾಡಿ, 30 ಮಿಲಿಆಂಪಿಯರ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಒಂದನ್ನು ತಂದಿಡಿ. ತಾತ್ಕಾಲಿಕ ಸಂಪರ್ಕಕ್ಕೆ ಮೊದಲೇ ಅರ್ಜಿ ಕೊಡಿ. ಕಂಬಕ್ಕೆ ಕೊಂಡಿ ಹಾಕಲು ಹತ್ತಿದ ಹುಡುಗ ಯಾರ ಮಗನೇ ಇರಲಿ, ಬೈದು ಕೆಳಗಿಳಿಸಿ.